ಅಜ್ಜಿಯ ಡಿವಿಡಿಯನ್ನು ಅಮೆರಿಕದಲ್ಲಿ ಓಡಿಸಿದ ಪ್ಲೇಯರ್: 14 ವರ್ಷ ಬಳಸಿದ ಮೇಲೆ

ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಭಾವ ಕಳಿಸಿದ ಡಿವಿಡಿ ನ್ಯೂಜೆರ್ಸಿಗೆ ಬಂದದ್ದು 2010ರಲ್ಲಿ. ಅದರಲ್ಲಿ ಅಜ್ಜಿ ಇದ್ದಳು. ಜಗಲಿಯಲ್ಲಿ ಕೂತು ಹಸೆ ಹಾಡು ಹೇಳುವುದನ್ನು ಭಾವ ಹ್ಯಾಂಡಿಕ್ಯಾಮ್‌ನಲ್ಲಿ ಹಿಡಿದು, ಮನೆಯ ರೆಕಾರ್ಡರ್‌ನಲ್ಲೇ ಡಿಸ್ಕಿಗೆ ಹಾಕಿದ್ದರು. ಆಸೆಯಿಂದ ಪ್ಲೇಯರಿಗೆ ಹಾಕಿದೆ. ಈ ಡಿಸ್ಕ್ ಓಡುವುದಿಲ್ಲ ಅಂತ ಟಿವಿಯಲ್ಲಿ ಒಂದು ಸಾಲು ಬಂತು. ಒರೆಸಿ ಮತ್ತೆ ಹಾಕಿದೆ. ಅದೇ ಸಾಲು.

ಫೋನ್ ಮಾಡಿದರೆ ಭಾವ, "ಇಲ್ಲಿ ಚೆನ್ನಾಗೇ ಓಡ್ತಿತ್ತಲ್ಲೋ, ದಾರಿಯಲ್ಲಿ ಪೆಟ್ಟು ತಿಂದಿರಬೇಕು ನೋಡು" ಅಂದರು. ಡಿಸ್ಕಿನ ಮೇಲೆ ಒಂದು ಗೀರೂ ಇರಲಿಲ್ಲ.

ಕೇಳಿದವರೆಲ್ಲ ಹೇಳಿದ್ದು ರೀಜನ್ ಕೋಡ್ ಬಗ್ಗೆ, ಅಂದರೆ ಯಾವ ದೇಶದ ಪ್ಲೇಯರ್‌ನಲ್ಲಿ ಓಡಬೇಕು ಅಂತ ಡಿಸ್ಕಿಗೆ ಹಾಕುವ ಬೀಗ. ಭಾರತ 5, ಅಮೆರಿಕ 1, ಅದಕ್ಕೇ ಓಡಲ್ಲ ಅಂತ. ಅದು ಅಂಗಡಿಯಲ್ಲಿ ಮಾರುವ ಸಿನಿಮಾ ಡಿಸ್ಕಿನ ಮಾತು. ಮನೆಯಲ್ಲಿ ಬರೆದ ಡಿಸ್ಕಿಗೆ ಆ ಬೀಗವೇ ಇರುವುದಿಲ್ಲ. ನಿಜವಾದ ತೊಡಕು ಟಿವಿ ಪದ್ಧತಿಯದು. ನಮ್ಮ ಕಡೆಯದು ಪಾಲ್: ಚಿತ್ರಕ್ಕೆ 576 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕದ್ದು ಎನ್‌ಟಿಎಸ್‌ಸಿ: 480 ಗೆರೆ, ಸೆಕೆಂಡಿಗೆ ಹತ್ತಿರ ಹತ್ತಿರ 30 ಚಿತ್ರ. ಇಲ್ಲಿ ಮಾರುವ ಎಷ್ಟೋ ಪ್ಲೇಯರ್‌ಗಳಿಗೆ ಪಾಲ್ ಗೊತ್ತೇ ಇಲ್ಲ. ಭಾರತದಲ್ಲಿ ಮಾರುವವು ಸಾಮಾನ್ಯವಾಗಿ ಎರಡನ್ನೂ ಓಡಿಸುತ್ತವೆ. ಅದಕ್ಕೇ ನಾನು ಇಲ್ಲಿಂದ ಕಳಿಸಿದ ಮಗಳ ಹುಟ್ಟುಹಬ್ಬದ ಡಿಸ್ಕ್ ಸಾಗರದಲ್ಲಿ ಏನೂ ತಕರಾರಿಲ್ಲದೆ ಓಡಿತ್ತು.

ಆಗ ತಗೊಂಡಿದ್ದು ಈ ಮಲ್ಟಿ ಸಿಸ್ಟಮ್ ಪ್ಲೇಯರ್. ಆ ಮಾಡೆಲ್ ಈಗ ಸಿಗುವುದಿಲ್ಲ, ಹಾಗಾಗಿ ಹೆಸರಿಗಿಂತ ಗುಣ ಹೇಳುವುದೇ ಉಪಯೋಗ. ಇದು ಪಾಲ್ ಡಿಸ್ಕ್ ಓದುವುದಷ್ಟೇ ಅಲ್ಲ, ಒಳಗೇ ಎನ್‌ಟಿಎಸ್‌ಸಿಗೆ ಬದಲಾಯಿಸಿ ಟಿವಿಗೆ ಕೊಡುತ್ತದೆ. ಕೊಳ್ಳುವಾಗ ನೋಡಬೇಕಾದದ್ದು ಇದನ್ನೇ. ಸೆಟಪ್‌ನಲ್ಲಿ ಟಿವಿ ಟೈಪ್ ಅನ್ನುವ ಕಡೆ ಎನ್‌ಟಿಎಸ್‌ಸಿ ಅಂತ ಇಡಬೇಕು. ಮೊದಲ ದಿನ ಅದು ಮಲ್ಟಿಯಲ್ಲಿತ್ತು. ಪಾಲ್ ಚಿತ್ರ ಹಾಗೇ ಟಿವಿಗೆ ಹೋಗಿ, ಬಣ್ಣ ಹೋಗಿ ಕೆಳಗಿಂದ ಮೇಲಕ್ಕೆ ಉರುಳುತ್ತಿತ್ತು. ಒಂದು ಬಟನ್ ಒತ್ತಿದ್ದೇ ತಡ, ಚಿತ್ರ ನಿಂತಿತು. ಅಜ್ಜಿ ಹಾಡು ನಿಲ್ಲಿಸಿ, ಕ್ಯಾಮೆರಾ ಕಡೆ ನೋಡಿ, "ಕೇಳ್ತದಾ ಮಗಾ?" ಅಂದಳು. ಹಿಂದೆ ಯಾರೋ ಮೆಟ್ಟುಗತ್ತಿಯಲ್ಲಿ ಅಡಕೆ ಸುಲಿಯುತ್ತಿದ್ದ ಸದ್ದು ಕೂಡ ಸ್ಪಷ್ಟವಾಗಿ ಕೇಳಿತು.

ಕೊರತೆ ಇಲ್ಲ ಅಂತಲ್ಲ. 25 ಚಿತ್ರವನ್ನು 30ಕ್ಕೆ ಹಿಗ್ಗಿಸುವಾಗ ಚಲನೆ ಸ್ವಲ್ಪ ತಡವರಿಸುತ್ತದೆ. ಕ್ಯಾಮೆರಾ ಜಗಲಿಯಿಂದ ಅಂಗಳದ ಕಡೆ ತಿರುಗುವಾಗ ಅದು ಕಣ್ಣಿಗೆ ಬೀಳುತ್ತದೆ. ಕೂತು ಮಾತಾಡುವ ದೃಶ್ಯದಲ್ಲಿ ಗೊತ್ತಾಗುವುದಿಲ್ಲ. ನಾಲ್ಕನೇ ವರ್ಷ ರಿಮೋಟ್ ಹೋಯಿತು. ಈಗೀಗ ಟ್ರೇ ಸಿಕ್ಕಿಕೊಳ್ಳುತ್ತದೆ, ಬೆರಳಲ್ಲಿ ಮೆಲ್ಲಗೆ ಎಳೆಯಬೇಕು. ಹಿಂದೆ 100ರಿಂದ 240 ವೋಲ್ಟ್ ಅಂತ ಬರೆದಿದೆ. ಹಾಗಾಗಿ ಊರಿಗೆ ಒಯ್ದಾಗ ಪಿನ್ ಬದಲಾಯಿಸಿದ್ದು ಬಿಟ್ಟರೆ ಬೇರೇನೂ ಬೇಕಾಗಲಿಲ್ಲ.

ಆದರೆ ಎಂಥ ಪ್ಲೇಯರ್ ಇದ್ದರೂ ಕೆಲವು ಡಿಸ್ಕ್ ಓಡುವುದಿಲ್ಲ. ಅಕ್ಕನ ಮಗನ ಉಪನಯನದ ಡಿಸ್ಕ್ ಖಾಲಿ ಅಂತಲೇ ತೋರಿಸಿತು. ಭಾವ ಅದನ್ನು ಫೈನಲೈಸ್ ಮಾಡಿರಲಿಲ್ಲ. ಡಿಸ್ಕಿನಲ್ಲಿ ಏನು ಎಲ್ಲಿದೆ ಅನ್ನುವ ಪಟ್ಟಿಯನ್ನು ರೆಕಾರ್ಡರ್ ಕೊನೆಗೆ ಬರೆದು ಮುಚ್ಚಬೇಕು. ಅದಿಲ್ಲದಿದ್ದರೆ ಬೇರೆ ಪ್ಲೇಯರಿಗೆ ಓದಲು ದಾರಿ ಇಲ್ಲ. ಡಿಸ್ಕ್ ಸಾಗರಕ್ಕೆ ವಾಪಸ್ ಹೋಗಿ, ಅದೇ ರೆಕಾರ್ಡರ್‌ನಲ್ಲಿ ಮುಚ್ಚಿಸಿಕೊಂಡು ಬರುವಷ್ಟರಲ್ಲಿ ಎರಡು ತಿಂಗಳಾಯಿತು. ಆಮೇಲೆ ಭಾವ ಒಂದು ಪದ್ಧತಿ ಮಾಡಿಕೊಂಡರು. ಪ್ಯಾಕ್ ಮಾಡುವ ಮೊದಲು ಪಕ್ಕದ ಮನೆಯ ಪ್ಲೇಯರ್‌ನಲ್ಲಿ ಹಾಕಿ ನೋಡುತ್ತಿದ್ದರು. ಕಾಗದದ ಸ್ಟಿಕ್ಕರ್ ಅಂಟಿಸುವುದನ್ನೂ ಬಿಡಿಸಿದೆ. ಅಂಟು ಎದ್ದು, ಎರಡು ಡಿಸ್ಕ್ ನಡುನಡುವೆ ನಿಲ್ಲತೊಡಗಿದ್ದವು. ಮಾರ್ಕರ್ ಪೆನ್ನಲ್ಲಿ ಬರೆದರೆ ಸಾಕು.

ನಿಮ್ಮ ಹತ್ತಿರ ಇರುವುದು ಒಂದೋ ಎರಡೋ ಡಿಸ್ಕ್ ಆದರೆ ಇಂಥ ಪ್ಲೇಯರಿಗೆ ದುಡ್ಡು ಹಾಕಬೇಡಿ. ಯುಎಸ್‌ಬಿ ಡಿವಿಡಿ ಡ್ರೈವ್ ತಗೊಂಡು ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಅನ್ನುವ ಸಾಫ್ಟ್‌ವೇರ್‌ನಿಂದ ನೋಡಿ. ಅದಕ್ಕೆ ಪಾಲ್, ಎನ್‌ಟಿಎಸ್‌ಸಿ ಎರಡೂ ಒಂದೇ. ನನ್ನ ಹಾಗೆ ಒಂದು ಕಪಾಟು ತುಂಬ ಇದ್ದರೆ, ಮನೆಯಲ್ಲಿ ಹಿರಿಯರಿದ್ದರೆ, ಪ್ಲೇಯರೇ ಸರಿ. ಎರಡರಲ್ಲೂ ಒಂದು ಕೆಲಸ ಮಾತ್ರ ಈಗಲೇ ಮಾಡಿ: ಪ್ರತಿ ಡಿಸ್ಕಿನ ವಿಡಿಯೋ ಫೋಲ್ಡರನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ. ಮನೆಯಲ್ಲಿ ಬರೆದ ಡಿಸ್ಕ್ ಎಷ್ಟು ದಿನ ಬಾಳುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ನಾನು 2019ರಲ್ಲಿ ಎಲ್ಲವನ್ನೂ ಇಳಿಸಿ, ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಎಂಪಿ4 ಮಾಡಿ, ಪೆನ್‌ಡ್ರೈವ್‌ಗೂ ಹಾಕಿಟ್ಟೆ.

ಅಮ್ಮ ಇಲ್ಲಿಗೆ ಬಂದಾಗ ಪೆನ್‌ಡ್ರೈವ್ ಮುಟ್ಟುವುದಿಲ್ಲ. ಕಪಾಟಿನಿಂದ ಡಿಸ್ಕ್ ತೆಗೆದು, ಅದರ ಮೇಲೆ ಭಾವ ಬರೆದ "ಅಜ್ಜಿ, ಜಗಲಿ" ಅನ್ನುವುದನ್ನು ಓದಿ, ಟ್ರೇಯನ್ನು ಬೆರಳಲ್ಲಿ ಎಳೆದು ತಾನೇ ಇಡುತ್ತಾಳೆ.