ಕ್ಯುಪ್ರಮೈನ್: ಔಷಧಿ ಒಳ್ಳೆಯದೇ, ಅಳೆಯದೆ ಹಾಕುವವರಿಗಲ್ಲ

ಸೀಕೆಮ್ ಕಂಪನಿಯ ಕ್ಯುಪ್ರಮೈನ್ ತಾಮ್ರದ ಔಷಧಿ. ಉಪ್ಪುನೀರಿನ ಅಕ್ವೇರಿಯಂನಲ್ಲಿ ಇದರ ಕೆಲಸ ಮುಖ್ಯವಾಗಿ ಪರಾವಲಂಬಿಗಳಿಂದ ಬರುವ ಎರಡು ರೋಗಗಳ ಮೇಲೆ: ವೈಟ್ ಸ್ಪಾಟ್ ಮತ್ತು ವೆಲ್ವೆಟ್. ಹಾಗಾಗಿ ಬಾಟಲಿಯ ಮುಚ್ಚಳ ತೆಗೆಯುವ ಮೊದಲು ಮೀನನ್ನು ಸರಿಯಾಗಿ ನೋಡಬೇಕು.

ವೈಟ್ ಸ್ಪಾಟ್ ಆದರೆ ಉಪ್ಪಿನ ಹರಳು ಅಂಟಿದಂತೆ ಬಿಡಿಬಿಡಿ ಚುಕ್ಕೆಗಳು, ಕೂತು ಎಣಿಸಬಹುದು. ಕೆಲವು ದಿನಕ್ಕೆ ಅವು ತಾವಾಗಿಯೇ ಮಾಯವಾಗುತ್ತವೆ, ಮೋಸ ಹೋಗುವುದು ಇಲ್ಲಿಯೇ. ಪರಾವಲಂಬಿ ಸತ್ತಿರುವುದಿಲ್ಲ, ಮೀನಿನ ಮೈಬಿಟ್ಟು ತಳಕ್ಕಿಳಿದು, ಗಟ್ಟಿ ಕೋಶ ಕಟ್ಟಿಕೊಂಡು ಒಳಗೊಳಗೇ ನೂರಾರಾಗಿ ಒಡೆಯುತ್ತಿರುತ್ತದೆ. ವೆಲ್ವೆಟ್ ಇನ್ನೂ ನವಿರು, ಜರಡಿ ಹಿಡಿದ ಹಿಟ್ಟು ಉದುರಿಸಿದ ಹಾಗೆ. ಲೈಟ್ ಆರಿಸಿ ಟಾರ್ಚನ್ನು ಓರೆಯಾಗಿ ಹಿಡಿದರೆ ಮಾತ್ರ ಕಂಡೀತು. ಮೀನು ಬೆಳಕಿಗೆ ಹೆದರಿ ಅಡಗಿದರೆ, ಪಂಪಿನ ಸೆಳೆತಕ್ಕೆ ಮುಖವೊಡ್ಡಿ ಏದುಸಿರು ಬಿಡುತ್ತಿದ್ದರೆ ಧೂಳು ಕಾಣಲೆಂದು ಕಾಯಬೇಡಿ. ವೆಲ್ವೆಟ್ ಮೊದಲು ಹೊಗುವುದು ಕಿವಿರಿಗೆ. ಮೈಮೇಲೆ ಕಾಣುವ ಹೊತ್ತಿಗೆ ಮೀನು ಹೋಗಿರಬಹುದು.

ಕ್ಲೌನ್ ಮೀನಿನ ಮೈಯಿಂದ ಲೋಳೆ ಪದರಪದರವಾಗಿ ಸುಲಿದು ಬರುತ್ತಿದ್ದರೆ ಅದು ಬ್ರೂಕ್ಲಿನೆಲ್ಲಾ ಎಂಬ ಬೇರೆ ಪರಾವಲಂಬಿ ಇರಬಹುದು. ತಾಮ್ರಕ್ಕೆ ಬಗ್ಗದು, ಫಾರ್ಮಲಿನ್ ಬೇಕು. ಕಣ್ಣು ಮಸುಕಾಗಿ, ಮೀನು ಅಲ್ಲಿ ಇಲ್ಲಿ ಮೈ ಉಜ್ಜುತ್ತಿದ್ದರೆ ಫ್ಲೂಕ್ ಹುಳುವಿನ ಅನುಮಾನ. ಉಷ್ಣತೆ, ಪಿಎಚ್ ಸರಿಹೊಂದಿಸಿದ ಸಿಹಿನೀರಿನಲ್ಲಿ 5 ನಿಮಿಷ ಬಿಟ್ಟರೆ ಹುಳುಗಳು ಬೆಳ್ಳಗಾಗಿ ಕಳಚಿ ಬೀಳುತ್ತವೆ, ಆಗ ಪ್ರಾಜಿಕ್ವಾಂಟೆಲ್ ಎಂಬ ಹುಳುವಿನ ಔಷಧಿ ಕೊಡಬೇಕಾಗುತ್ತದೆ. ಇವೆರಡಕ್ಕೂ ಕ್ಯುಪ್ರಮೈನ್ ಹಾಕಿದರೆ ಮೀನಿಗೆ ಕಷ್ಟ ಹೆಚ್ಚಿಸಿದಷ್ಟೇ.

ಇನ್ನು ಪ್ರಮಾಣ. ಲೇಬಲ್ ಪ್ರಕಾರ 40 ಲೀಟರಿಗೆ 1 ಮಿಲಿ, 48 ಗಂಟೆ ಬಿಟ್ಟು ಮತ್ತೆ ಅಷ್ಟೇ. ಮೊದಲ ಸಲಕ್ಕೆ ತಾಮ್ರ ಲೀಟರಿಗೆ 0.25 ಮಿಲಿಗ್ರಾಂ, ಎರಡನೆಯದಕ್ಕೆ 0.5. ಲೆಕ್ಕ ಹಿಡಿಯಬೇಕಾದ್ದು ತೊಟ್ಟಿಯ ಮೇಲೆ ಬರೆದ ಅಳತೆಯನ್ನಲ್ಲ, ಒಳಗೆ ನಿಜವಾಗಿ ಇರುವ ನೀರನ್ನು. 80 ಲೀಟರಿನ ತೊಟ್ಟಿಗೆ ಸುರಿದದ್ದು 68 ಲೀಟರಾದರೆ ಒಂದು ಸಲಕ್ಕೆ 1.7 ಮಿಲಿ. ಹನಿ ಎಣಿಸುವ ಬದಲು ಸಿರಿಂಜಿನಲ್ಲಿ ಎಳೆದುಕೊಳ್ಳಿ. ಔಷಧಿಯ 1 ಮಿಲಿಯಲ್ಲಿ 10 ಮಿಲಿಗ್ರಾಂ ತಾಮ್ರ ಇರುವುದರಿಂದ ಮುಂದಿನ ಲೆಕ್ಕ ಸುಲಭ: ಮೀಟರ್ 0.42 ತೋರಿಸಿದರೆ 0.5ಕ್ಕೆ ಕೊರತೆ 0.08, ಅದನ್ನು 68ರಿಂದ ಗುಣಿಸಿದರೆ 5.4 ಮಿಲಿಗ್ರಾಂ, ಅಂದರೆ ಅರ್ಧ ಮಿಲಿಗಿಂತ ತುಸು ಹೆಚ್ಚು.

ಮೀಟರ್ ಅಂದರೆ ನೀರಿನ ತಾಮ್ರ ಅಳೆಯುವ ಹ್ಯಾನ್ನಾ ಎಚ್‌ಐ702. ಬಣ್ಣದ ಪಟ್ಟಿ ಹಿಡಿದು 0.4 ಯಾವುದು, 0.5 ಯಾವುದು ಎಂದು ಹೇಳಬಲ್ಲ ಕಣ್ಣು ಅಪರೂಪ. ಈ ಮೀಟರಿನ ತಪ್ಪಳತೆ 0.05 ಮತ್ತು ಓದಿದ್ದರ ಶೇ. 5, ಎರಡೂ ಸೇರಿ. ಆದ್ದರಿಂದ 0.50 ಎಂದರೆ ಸುಮಾರು 0.43ರಿಂದ 0.57ರ ನಡುವೆ ಎಲ್ಲೋ ಒಂದು ಕಡೆ. ಎರಡು ಸಲ ಓದಿ ಸರಾಸರಿ ಹಿಡಿಯುವುದು ಮೇಲು. ಬರಿ ನೀರಿನ ಖಾಲಿ ಓದಿಗೂ ಪೊಟ್ಟಣದ ಪರೀಕ್ಷಾ ಪುಡಿ ಹಾಕಿದ ಓದಿಗೂ ಒಂದೇ ಗಾಜಿನ ಶೀಶೆ ಬಳಸಿ, ಬೆರಳಚ್ಚು ಒರೆಸಿ, ಒಳಗೋಡೆಯ ಗುಳ್ಳೆ ಹೋಗುವಂತೆ ಮೆಲ್ಲಗೆ ತಟ್ಟಿ. ಪೊಟ್ಟಣದ ಮೂಲೆಯಲ್ಲಿ ಪುಡಿ ಉಳಿದರೂ ಅಂಕಿ ನಂಬುವಂತಿಲ್ಲ.

ಔಷಧಿ ಕೈಕೊಟ್ಟಿತು ಎನ್ನುವವರ ತೊಟ್ಟಿಯಲ್ಲಿ ಬಹಳ ಸಲ ಕಲ್ಲೋ ಮರಳೋ ಇರುತ್ತದೆ. ಸುಣ್ಣದ ಅಂಶವಿರುವ ಕಲ್ಲು ತಾಮ್ರ ಹೀರುತ್ತದೆ. ಬೆಳಿಗ್ಗೆ ಸರಿಯಿದ್ದದ್ದು ಸಂಜೆಗೆ ಇಳಿದಿರುತ್ತದೆ. ಚಿಕಿತ್ಸೆಗೆ ಬರಿ ಗಾಜಿನ ಬೇರೆ ತೊಟ್ಟಿ, ಅಡಗಲು ಪಿವಿಸಿ ಪೈಪಿನ ತುಂಡು, ಸ್ಪಂಜ್ ಫಿಲ್ಟರ್ ಸಾಕು. ಫಿಲ್ಟರಿನ ಕಾರ್ಬನ್ (ಇದ್ದಿಲು) ತೆಗೆದಿರಬೇಕು, ಯುವಿ ದೀಪ ಆರಿಸಿರಬೇಕು. ಅಮೋನಿಯಾ ಏರಿದರೆ ಅದನ್ನು ತಣಿಸುವ, ಅದೇ ಕಂಪನಿಯ ಪ್ರೈಮ್ ಹಾಕಲು ಕೈ ಹೋಗುತ್ತದೆ, ಹಾಕಬೇಡಿ. ಅಂಥ ರಾಸಾಯನಿಕಗಳು ತಾಮ್ರವನ್ನು ಮೀನಿಗೆ ಇನ್ನಷ್ಟು ವಿಷವಾಗುವ ರೂಪಕ್ಕೆ ತಿರುಗಿಸುತ್ತವೆ. ನೀರು ಬದಲಿಸಿ, ಹೊಸ ನೀರಿಗೆ ಅದೇ ಮಟ್ಟಕ್ಕೆ ತಾಮ್ರ ಬೆರೆಸಿಯೇ ಸುರಿಯಿರಿ. ಆವಿಯಾದ ನೀರಿಗೆ ಬದಲು ಬರಿಯ ಸಿಹಿನೀರು ಸಾಕು, ತಾಮ್ರ ಆವಿಯಾಗುವುದಿಲ್ಲ.

ತಾಮ್ರವನ್ನು 14 ದಿನ ಉಳಿಸಿದರೆ ಸಾಕೆಂಬ ಲೇಬಲ್‌ನ ಮಾತಿನ ಬಗ್ಗೆ ನಮ್ಮ ತಕರಾರಿದೆ. ತಾಮ್ರ ಕೊಲ್ಲುವುದು ಈಜುತ್ತಿರುವ ಮರಿಗಳನ್ನು ಮಾತ್ರ. ಮೈಗೆ ಕಚ್ಚಿಕೊಂಡದ್ದನ್ನೂ ಕೋಶದೊಳಗಿನದನ್ನೂ ಅದು ಮುಟ್ಟದು. ವೈಟ್ ಸ್ಪಾಟಿನ ಕೋಶ ನಾಲ್ಕು ವಾರದ ತನಕವೂ ಒಡೆಯಬಹುದು. 14ಕ್ಕೆ ನಿಲ್ಲಿಸುವುದಾದರೆ, ತೊಳೆದು ಒಣಗಿಸಿದ ಬೇರೆ ತೊಟ್ಟಿಗೆ ಮೀನನ್ನು ದಾಟಿಸಿ. ಅದೇ ತೊಟ್ಟಿಯಲ್ಲಿ ಉಳಿಸುವುದಾದರೆ 30 ದಿನ. ಮುಖ್ಯ ತೊಟ್ಟಿಯೂ ಮೀನಿಲ್ಲದೆ ಖಾಲಿ ಇರಲಿ, ವೈಟ್ ಸ್ಪಾಟಿಗೆ 76 ದಿನ ಎನ್ನುವುದು ಹವ್ಯಾಸಿಗಳ ರೂಢಿ.

ಶಾರ್ಕ್, ತೊರಕೆ (ರೇ) ಮೀನಿನಂಥವಕ್ಕೆ ತಾಮ್ರ ಬೇಡವೇ ಬೇಡ. ಕುಬ್ಜ ಏಂಜೆಲ್, ಮ್ಯಾಂಡರಿನ್ ಸೂಕ್ಷ್ಮ ಜಾತಿ. ಊಟ ಬಿಟ್ಟರೆ ಪ್ರಮಾಣ ಏರಿಸುವುದನ್ನು ನಿಧಾನಿಸಿ. ಇಂಥವಕ್ಕೆ ಕಾಪರ್ ಪವರ್‌ನಂಥ ಕೀಲೇಟೆಡ್ (ಬೇರೆ ರಾಸಾಯನಿಕಕ್ಕೆ ಬಿಗಿದು ಕಟ್ಟಿದ) ತಾಮ್ರ ಲೇಸು. ಅದರ ಮಟ್ಟ ಲೀಟರಿಗೆ 2.5 ಮಿಲಿಗ್ರಾಂ ಹತ್ತಿರ ಇರುವುದರಿಂದ ಮೀಟರಿನ ತಪ್ಪೂ ಅದರೆದುರು ಚಿಕ್ಕದು.

ಮುಗಿದ ಮೇಲೆ ಕಾರ್ಬನ್ ಅಥವಾ ತಾಮ್ರ ಹೀರುವ ಕ್ಯುಪ್ರಿಸಾರ್ಬ್ ಹಾಕಿ ತಾಮ್ರ ತೆಗೆಯಿರಿ. ಈ ತೊಟ್ಟಿಯ ಸ್ಪಂಜು, ಪೈಪು ಯಾವುದೂ ಹವಳ, ಸೀಗಡಿ ಇರುವ ತೊಟ್ಟಿಗೆ ಹೋಗಬಾರದು.