ತೆಳು ಫ್ಲಾನೆಲ್‌ಗೆ ಕಾಲ್ಮೆಷಿನ್ನೋ, ಕರೆಂಟ್ ಮೆಷಿನ್ನೋ?

ಮೈಸೂರಲ್ಲಿ ಧನುರ್ಮಾಸದ ಚಳಿ ಹಿಡಿದರೆ ಎಳೆಮಗು ಇರುವ ಮನೆಯವರಿಗೆ ಫ್ಲಾನೆಲ್ ಬೇಕೇ ಬೇಕು. ತಂಗಿ ಬಾಣಂತನಕ್ಕೆ ಬಂದಿದ್ದಾಳೆ. ಮಗುವಿನ ಜಬಲ, ಕುಲಾವಿ, ಸುತ್ತುವ ಬಟ್ಟೆ ಎಲ್ಲ ನನ್ನದೇ ಹೊಲಿಗೆ. ದೇವರಾಜ ಮಾರುಕಟ್ಟೆ ಹತ್ತಿರ ತಂದ ಒಂದೇ ಬಟ್ಟೆಯನ್ನು ಅಮ್ಮನ ಕಪ್ಪು ಕಾಲ್ಮೆಷಿನ್‌ನಲ್ಲೂ, ಜಿಗ್‌ಜಾಗ್ (ಅಂಕುಡೊಂಕು) ಹೊಲಿಗೆ ಇರುವ ಪುಟ್ಟ ಕರೆಂಟ್ ಮೆಷಿನ್‌ನಲ್ಲೂ ಹೊಲಿದು ನೋಡಿದೆ. ನನ್ನ ಓಟು ಕಾಲ್ಮೆಷಿನ್‌ಗೆ.

ಮುಖ್ಯ ಕಾರಣ, ಸೂಜಿ ಇಳಿಯುವ ತೂತು. ಜಿಗ್‌ಜಾಗ್ ಹಾಕಲು ಸೂಜಿ ಎಡಕ್ಕೂ ಬಲಕ್ಕೂ ಓಡಾಡಬೇಕು, ಅದಕ್ಕೇ ಕರೆಂಟ್ ಮೆಷಿನ್ ಪ್ಲೇಟಿನ ತೂತು ಅಗಲ. ತೆಳು ಫ್ಲಾನೆಲ್‌ನ ಮೂಲೆಯಿಂದ ಹೊಲಿಗೆ ಶುರು ಮಾಡಿದರೆ ಸೂಜಿ ಬಟ್ಟೆಯನ್ನೇ ಒಳಕ್ಕೆ ನುಂಗಿಸುತ್ತದೆ, ಅಡಿಯಲ್ಲಿ ದಾರ ಗಂಟಾಗುತ್ತದೆ. ಕಾಲ್ಮೆಷಿನ್‌ಗೆ ನೇರ ಹೊಲಿಗೆ ಒಂದೇ ಗೊತ್ತು. ತೂತು ಚಿಕ್ಕದು, ದುಂಡಗಿದೆ. ಬಟ್ಟೆ ಒಳಗೆ ಹೋಗಲು ಜಾಗವೇ ಇಲ್ಲ. ಕರೆಂಟ್ ಮೆಷಿನ್ ಒಂದೇ ಇರುವವರು ಮೊದಲು ಒಂದು ಚಿಂದಿಯ ಮೇಲೆ ಹೊಲಿಗೆ ಶುರು ಮಾಡಿ, ಹಾಗೇ ಜಬಲದ ಬಟ್ಟೆಗೆ ಹತ್ತಿಸಿ. ಸಲೀಸಾಗಿ ಹೋಗುತ್ತದೆ.

ಆಮೇಲೆ, ಬಟ್ಟೆಯನ್ನು ಮೇಲಿಂದ ಒತ್ತಿ ಹಿಡಿಯುವ ಫುಟ್ಟಿನ ಒತ್ತಡ. ಕೆಳಗಿನ ಪದರವನ್ನು ಪ್ಲೇಟಿನ ಹಲ್ಲು ಎಳೆಯುತ್ತದೆ, ಮೇಲಿನದನ್ನು ಫುಟ್ಟು ತಡೆಯುತ್ತದೆ. ಹೊಲಿಗೆ ಮುಗಿಯುವಾಗ ಮೇಲಿನ ಪದರ ಉದ್ದ ಉಳಿದಿರುತ್ತದೆ, ಅಂಚು ಅಲೆ ಅಲೆಯಾಗುತ್ತದೆ. ಕಾಲ್ಮೆಷಿನ್ ತಲೆ ಮೇಲಿನ ತಿರುಪನ್ನು ಸ್ವಲ್ಪ ಸಡಿಲ ಮಾಡಿದೆ, ಎರಡೂ ಪದರ ಒಟ್ಟಿಗೆ ನಡೆದವು. ನಮ್ಮ ಕರೆಂಟ್ ಮೆಷಿನ್‌ಗೆ ಆ ತಿರುಪೇ ಇಲ್ಲ. ಗುಂಡುಸೂಜಿ ಒತ್ತೊತ್ತಾಗಿ ಚುಚ್ಚಬೇಕು, ಇಲ್ಲವೇ ಮೇಲಿನ ಪದರವನ್ನೂ ಜೊತೆಗೇ ಎಳೆಯುವ ವಾಕಿಂಗ್ ಫೂಟ್‌ಗೆ ಬೇರೆ ದುಡ್ಡು ಕೊಡಬೇಕು.

ಅಂಚು ಬಿಚ್ಚದಂತೆ ಜಿಗ್‌ಜಾಗ್ ಹಾಕಬಹುದಲ್ವಾ ಅಂತ ಕೇಳಬಹುದು. ಹಾಕಿದೆ. ಒಂಟಿ ಪದರದ ಅಂಚು ಸುರುಳಿ ಸುತ್ತಿಕೊಂಡಿತು. ಪಕ್ಕದ ಹೊಲಿಗೆಗೆ ಫ್ರೆಂಚ್ ಸೀಮ್ ಎಷ್ಟೋ ವಾಸಿ: ಉಲ್ಟಾ ಬದಿಗಳನ್ನು ಸೇರಿಸಿ ಹೊಲಿದು, ಅಂಚು ಸಣ್ಣಗೆ ಕತ್ತರಿಸಿ, ತಿರುವಿ, ಇನ್ನೊಂದು ಹೊಲಿಗೆ. ಕತ್ತರಿಸಿದ ಅಂಚು ಮಗುವಿನ ಮೈಗೆ ತಾಗುವುದೇ ಇಲ್ಲ. ಆದರೆ ಕಂಕುಳಿನ ತಿರುವಿನಲ್ಲಿ ಅದು ದಪ್ಪವಾಗಿ ಒತ್ತುತ್ತದೆ. ಅಲ್ಲಿ ಎರಡು ಪದರ ಸೇರಿಸಿ ಜಿಗ್‌ಜಾಗ್ ಹಾಕಿದ್ದೇ ಮೆತ್ತಗಿತ್ತು. ಕುಲಾವಿಯ ಎಲಾಸ್ಟಿಕ್ಕಿಗೂ ಕರೆಂಟ್ ಮೆಷಿನ್ನೇ ಸರಿ. ಎಳೆದರೆ ನೇರ ಹೊಲಿಗೆ ಪಟ್ ಅಂತ ಕಿತ್ತು ಬರುತ್ತದೆ.

ಎರಡಕ್ಕೂ 11ನೇ ನಂಬರ್ ಸೂಜಿ, ಇಂಚಿಗೆ ಸುಮಾರು 10 ಹೊಲಿಗೆ. ಕಾಟನ್ ಫ್ಲಾನೆಲ್ ಒಗೆದರೆ ಕುಗ್ಗುತ್ತದೆ, ಹಾಗಾಗಿ ಕತ್ತರಿಸುವ ಮೊದಲೇ ಒಗೆದು ಒಣಗಿಸಿಕೊಳ್ಳಿ.

ಬಟ್ಟೆಯಿಂದ ಉದುರುವ ಜುಂಗಿನ ಕಾಟ ಎರಡರಲ್ಲೂ ಇದೆ. ಹಲ್ಲಿನ ಸಂದಿಯಲ್ಲಿ, ಅಡಿದಾರ ಕೂರುವ ಬಾಬಿನ್ ಕೇಸಿನ ಸುತ್ತ ಬಿಳಿ ಜುಂಗು ಒತ್ತಿ ಕೂತುಬಿಡುತ್ತದೆ, ಹೊಲಿಗೆ ತಪ್ಪಲು ಶುರುವಾಗುತ್ತದೆ. ಬಾಯಿಂದ ಊದಬೇಡಿ, ಇನ್ನೂ ಒಳಕ್ಕೆ ಹೋಗುತ್ತದೆ. ಬ್ರಶ್ಶಿನಿಂದ ತೆಗೆಯಿರಿ. ಕರೆಂಟ್ ಮೆಷಿನ್ ಆದರೆ ಮೊದಲು ಪ್ಲಗ್ ಕಿತ್ತಿಡಿ. ಕಾಲ್ಮೆಷಿನ್‌ಗೆ ಕೊನೆಯಲ್ಲಿ ಒಂದು ತೊಟ್ಟು ಮೆಷಿನ್ ಎಣ್ಣೆ ಬಿಟ್ಟು, ಸುಮ್ನೆ ಒಂದು ಚಿಂದಿ ಹೊಲಿದು ಎಣ್ಣೆ ಒರೆಸಿಕೊಳ್ಳಿ. ಬಿಳಿ ಜಬಲಕ್ಕೆ ಎಣ್ಣೆ ಕಲೆ ಬಿದ್ದರೆ ಹೋಗಿಸುವುದು ಕಷ್ಟ.