ಎಂ.ಟೆಕ್ ನೆಟ್‌ವರ್ಕ್ ಪ್ರಾಜೆಕ್ಟ್‌ಗೆ ಯಾವುದು: ಮಿನಿನೆಟ್, ಎನ್‌ಎಸ್-3?

ಇವೆರಡೂ ಕಂಪ್ಯೂಟರ್‌ನಲ್ಲೇ ನೆಟ್‌ವರ್ಕ್ ಪ್ರಯೋಗ ಮಾಡಲು ಬಳಸುವ ಸಾಫ್ಟ್‌ವೇರ್‌ಗಳು. ಎರಡೂ ಉಚಿತ, ಎರಡೂ ಲಿನಕ್ಸ್‌ನಲ್ಲಿ ಓಡುತ್ತವೆ. ಆದರೆ ಸ್ವಭಾವ ಬೇರೆ.

ಮಿನಿನೆಟ್ ನಿಮ್ಮ ಲ್ಯಾಪ್‌ಟಾಪ್‌ನೊಳಗೇ ಪುಟ್ಟ ನೆಟ್‌ವರ್ಕ್ ಕಟ್ಟಿಕೊಡುತ್ತದೆ. ಅಲ್ಲಿ ಕೆಲಸ ಮಾಡುವುದು ಲಿನಕ್ಸ್ ಕರ್ನಲ್‌ನ (ಅದರ ತಿರುಳು ಭಾಗದ) ನಿಜವಾದ ಟಿಸಿಪಿ, ಅಂದರೆ ಡೇಟಾ ಸರಿಯಾಗಿ ತಲುಪುವಂತೆ ನೋಡಿಕೊಳ್ಳುವ ನಿಯಮಾವಳಿ. ಪಿಂಗ್, ಐಪರ್ಫ್, ವೈರ್‌ಶಾರ್ಕ್‌ನಂಥ ನೆಟ್‌ವರ್ಕ್ ಪರೀಕ್ಷಾ ಸಾಧನಗಳನ್ನೆಲ್ಲ ಹಾಗೇ ಬಳಸಬಹುದು. ಪಾಠದಲ್ಲಿ ಓದಿದ ಮೂರು ಹಂತದ ಹ್ಯಾಂಡ್‌ಶೇಕ್ (ಟಿಸಿಪಿ ಸಂಪರ್ಕ ಶುರುವಾಗುವ ಬಗೆ) ಕಣ್ಣೆದುರೇ ನಡೆಯುವುದನ್ನು ನೋಡುವ ಖುಷಿಯೇ ಬೇರೆ, ಅಲ್ವಾ? ಸ್ವಲ್ಪ ಪೈಥಾನ್ ಗೊತ್ತಿದ್ದರೆ ಸಾಕು. ತೊಂದರೆ ಒಂದೇ: ಇದು ನಿಜವಾದ ಗಡಿಯಾರದ ಜೊತೆ ಓಡುತ್ತದೆ. ನೋಡ್‌ಗಳು (ನೆಟ್‌ವರ್ಕ್‌ನ ಕಂಪ್ಯೂಟರ್, ಸ್ವಿಚ್‌ಗಳು), ಲಿಂಕ್ ವೇಗ ಜಾಸ್ತಿಯಾದರೆ ಸಿಪಿಯು ಸಾಲದೆ ಅಳತೆಗಳು ಕೆಡುತ್ತವೆ.

ಎನ್‌ಎಸ್-3ರಲ್ಲಿ ಸಮಯವೇ ಕಲ್ಪಿತ. 10 ಸೆಕೆಂಡಿನ ಪ್ರಯೋಗ ಮುಗಿಯಲು ಒಂದು ಗಂಟೆ ಹಿಡಿದರೂ ಫಲಿತಾಂಶಕ್ಕೆ ಧಕ್ಕೆಯಿಲ್ಲ. ಅದೇ ಸೀಡ್ (ಯಾದೃಚ್ಛಿಕ ಸಂಖ್ಯೆಗಳು ಶುರುವಾಗುವ ಅಂಕಿ) ಕೊಟ್ಟರೆ ಮತ್ತೆ ಅದೇ ಅಂಕಿ ಬರುತ್ತದೆ. ವೈಫೈ, ಎಲ್‌ಟಿಇ (4ಜಿ ಮೊಬೈಲ್ ನೆಟ್‌ವರ್ಕ್) ಮಾದರಿಗಳೂ ಇವೆ. ಸುರತ್ಕಲ್‌ನ ಎನ್‌ಐಟಿಕೆ ವಿದ್ಯಾರ್ಥಿಗಳು ಇದಕ್ಕೆ ಕೋಡ್ ಬರೆದುಕೊಟ್ಟಿದ್ದಾರೆ, ಅದು ನನಗೆ ಹೆಮ್ಮೆಯ ವಿಷಯ. ಸಿ ಪ್ಲಸ್ ಪ್ಲಸ್ ಬಾರದಿದ್ದರೆ ಶುರುವಿನಲ್ಲಿ ಕಷ್ಟವೇ.

ಎಸ್‌ಡಿಎನ್ (ಸಾಫ್ಟ್‌ವೇರ್‌ನಿಂದಲೇ ನೆಟ್‌ವರ್ಕ್ ನಿಯಂತ್ರಿಸುವ ವಿಧಾನ) ವಿಷಯವಾದರೆ ಮಿನಿನೆಟ್ ಹಿಡಿಯಿರಿ. ವೈರ್‌ಲೆಸ್ ಆದರೆ ಯೋಚಿಸಬೇಡಿ, ಎನ್‌ಎಸ್-3. ಟಿಸಿಪಿ ಕಂಜೆಶನ್ ಕಂಟ್ರೋಲ್ (ನೆಟ್‌ವರ್ಕ್‌ನಲ್ಲಿ ದಟ್ಟಣೆಯಾದಾಗ ವೇಗ ತಗ್ಗಿಸುವ ಬಗೆ) ಆರಿಸಿದ್ದರೆ ಮೊದಲು ಮಿನಿನೆಟ್‌ನಲ್ಲಿ ಒಂದು ವಾರ ಆಡಿ ನೋಡಿ, ಆಮೇಲೆ ಗ್ರಾಫ್‌ಗಳನ್ನು ಎನ್‌ಎಸ್-3ರಲ್ಲಿ ತೆಗೆಯಿರಿ.